ಸಾಲಗಾರನನ್ನು ನಂಬಬಹುದೆ?

ನಮ್ಮ ಮನೆಗೆ ಸಾಲವೆಂಬುದು ಹೊಸತಲ್ಲ. ಮಳೆ ಕೈಕೊಟ್ಟ ವರ್ಷ ತಂದೆಯವರು ಸಹಕಾರ ಸಂಘದಲ್ಲಿ ಮಾಡಿದ ಸಾಲ ಇನ್ನೂ ತೀರಿಲ್ಲ. ಆದುದರಿಂದ, ಅಮೆರಿಕದಲ್ಲಿ ಸರ್ಕಾರದ ರಹಸ್ಯ ಕಾಗದಪತ್ರಗಳನ್ನು ನೋಡುವ ಅನುಮತಿ ಕೊಡುವ ಮೊದಲು ವ್ಯಕ್ತಿಯ ಸಾಲಸೋಲಗಳನ್ನೂ ವಿಚಾರಿಸುತ್ತಾರೆಂದು ರಾಜ್ಯಶಾಸ್ತ್ರದ ತರಗತಿಯಲ್ಲಿ ಕೇಳಿದಾಗ ಮನಸ್ಸಿಗೆ ಚುರುಕೆಂದಿತು. ಹಾಗಾದರೆ ಬಡವನ ಮಗ ನಂಬಿಕೆಗೆ ಯೋಗ್ಯನಲ್ಲವೆ? ಈ ಪ್ರಶ್ನೆಯ ಬೆನ್ನು ಹತ್ತಿ ನಾನು ತಿಳಿದುಕೊಂಡುದನ್ನು ಸಹಪಾಠಿಗಳ ಮುಂದಿಡುತ್ತಿದ್ದೇನೆ.

ಅಲ್ಲಿ ಇಂತಹ ಹುದ್ದೆಯನ್ನು ಬಯಸುವವರು ‘ಎಸ್.ಎಫ್. 86’ ಎಂದು ಹೆಸರಾದ ದೀರ್ಘ ಪ್ರಶ್ನಾವಳಿಗೆ ಉತ್ತರ ಬರೆದುಕೊಡುತ್ತಾರೆ. ಕಟ್ಟದ ತೆರಿಗೆ, ತೀರಿಸದ ಸಾಲ, ದಿವಾಳಿ, ಜೂಜಿನ ನಷ್ಟ ಇವೆಲ್ಲವನ್ನೂ ಅದು ಕೇಳುತ್ತದೆ. ಬರೆದುಕೊಟ್ಟ ಉತ್ತರಗಳನ್ನು ದಾಖಲೆಗಳೊಡನೆ ತಾಳೆ ನೋಡುತ್ತಾರೆ. ಅರ್ಹತೆಯನ್ನು ನಿರ್ಣಯಿಸಲು 2017ರಲ್ಲಿ ಜಾರಿಗೆ ಬಂದ 13 ಮಾರ್ಗಸೂಚಿಗಳಲ್ಲಿ ಒಂದು ಹಣಕಾಸಿನದು, ಇನ್ನೊಂದು ವೈಯಕ್ತಿಕ ನಡತೆಯದು.

ಹಣದ ವಿಚಾರವೇಕೆ? ಆಲ್ಡ್ರಿಚ್ ಏಮ್ಸ್ ಎಂಬವನ ಕಥೆಯೇ ಇದಕ್ಕೆ ಉತ್ತರ. ಈತ ಅಮೆರಿಕದ ಗುಪ್ತಚರ ಸಂಸ್ಥೆಯಾದ ಸಿ.ಐ.ಎ.ಯ ಅಧಿಕಾರಿ. ಸಾಲದ ತಾಪತ್ರಯದಲ್ಲಿದ್ದಾಗ, 1985ರಲ್ಲಿ, ಸೋವಿಯತ್ ಒಕ್ಕೂಟಕ್ಕೆ ರಹಸ್ಯಗಳನ್ನು ಮಾರತೊಡಗಿದನು. ಬಳಿಕ 5,40,000 ಡಾಲರಿನ ಮನೆಯನ್ನು ನಗದು ಕೊಟ್ಟು ಕೊಂಡನು. ಹಣವೆಲ್ಲ ಹೆಂಡತಿಯ ತವರಿನದೆಂದು ಹೇಳಿಕೊಂಡನು. 1994ರಲ್ಲಿ ಸೆರೆಸಿಕ್ಕು ಜೀವಾವಧಿ ಶಿಕ್ಷೆಗೆ ಗುರಿಯಾದನು. ಅವನು ಬಯಲುಮಾಡಿದ ಹೆಸರುಗಳಿಂದಾಗಿ ಹಲವರು ಪ್ರಾಣ ತೆತ್ತಿದ್ದರು. ಸಾಲದ ಇಕ್ಕಟ್ಟಿನಲ್ಲಿರುವವನಿಗೆ ಹಣದ ಆಮಿಷ ಒಡ್ಡುವುದು ಶತ್ರುವಿಗೆ ಸುಲಭ. ವರಮಾನಕ್ಕೆ ಮೀರಿದ ಐಶ್ವರ್ಯವೂ ಸಂಶಯಕ್ಕೆ ಎಡೆಗೊಡುತ್ತದೆ.

ಆದರೆ ಸಾಲವೇ ಅಪರಾಧವೆಂದು ಆ ನಿಯಮಗಳು ಹೇಳುವುದಿಲ್ಲ. ಕೆಲಸ ಹೋಗಿರಬಹುದು, ಕಾಯಿಲೆ ಬಂದಿರಬಹುದು, ಮನೆಯಲ್ಲಿ ಸಾವು ಸಂಭವಿಸಿರಬಹುದು. ಕೈಮೀರಿದ ಇಂತಹ ಕಾರಣಗಳನ್ನು ಅಧಿಕಾರಿಗಳು ಗಮನಿಸುತ್ತಾರೆ. ಅಂತಹ ಹೊತ್ತಿನಲ್ಲಿ ಆ ವ್ಯಕ್ತಿ ಹೇಗೆ ನಡೆದುಕೊಂಡನೆಂಬುದು ಮುಖ್ಯ. ಸಾಲ ಕೊಟ್ಟವರಿಂದ ತಲೆತಪ್ಪಿಸಿಕೊಂಡನೆ, ಇಲ್ಲವೆ ಕಂತಿನ ಏರ್ಪಾಡು ಮಾಡಿಕೊಂಡು ತೀರಿಸುತ್ತಿರುವನೆ? ಯಾವುದೋ ಒಂದು ತಪ್ಪನ್ನಷ್ಟೇ ಹಿಡಿಯದೆ, ವ್ಯಕ್ತಿಯ ಒಟ್ಟು ಬಾಳನ್ನು ತೂಗಿ ನೋಡಬೇಕೆಂಬುದೇ ಅಲ್ಲಿಯ ತತ್ತ್ವ.

ಸುಳ್ಳಿನ ಮಾತು ಬೇರೆ. ಬೇಕೆಂದೇ ಮರೆಮಾಚಿದರೆ, ಸಾಲ ಚಿಕ್ಕದಾದರೂ ನಂಬಿಕೆ ಹೋಗುತ್ತದೆ. ಬರೆಯುವಾಗ ತಪ್ಪಿದವನು, ಇತರರು ಎತ್ತಿ ತೋರಿಸುವ ಮೊದಲೇ ತಾನಾಗಿ ತಿದ್ದಿಕೊಂಡರೆ ಅದು ಅವನ ಪರವಾಗಿ ನಿಲ್ಲುತ್ತದೆ.

ನಮ್ಮ ದೇಶದಲ್ಲಿಯೂ ಸರ್ಕಾರಿ ನೌಕರಿಗೆ ಆಯ್ಕೆಯಾದವರು ದೃಢೀಕರಣ ಪತ್ರವೊಂದನ್ನು ತುಂಬಬೇಕು. ಅಲ್ಲಿ ಮುಖ್ಯವಾಗಿ ಕೇಳುವುದು ಬಂಧನ, ಮೊಕದ್ದಮೆಗಳನ್ನು ಕುರಿತು. ಅವತಾರ್ ಸಿಂಗ್ ಮೊಕದ್ದಮೆಯಲ್ಲಿ 2016ರಲ್ಲಿ ತೀರ್ಪಿತ್ತ ಸರ್ವೋಚ್ಚ ನ್ಯಾಯಾಲಯವು, ಕೊಡುವ ವಿವರ ಸತ್ಯವಾಗಿರಬೇಕು, ಏನನ್ನೂ ಮುಚ್ಚಿಡಬಾರದು ಎಂದಿತು. ಎಳೆಯ ವಯಸ್ಸಿನಲ್ಲಿ ಘೋಷಣೆ ಕೂಗಿದಂತಹ ಕ್ಷುಲ್ಲಕ ಪ್ರಕರಣವನ್ನು ಮುಚ್ಚಿಟ್ಟಿದ್ದರೆ ನೌಕರಿ ಕೊಡುವವರು ಅದನ್ನು ಮನ್ನಿಸಬಹುದೆಂದೂ ಹೇಳಿತು. ನಾಳೆ ಅರ್ಜಿ ಹಿಡಿದು ಹೊರಡಲಿರುವ ನಾವೆಲ್ಲರೂ ಇದನ್ನು ತಿಳಿದಿರುವುದು ಒಳಿತು.

ಇದುವರೆಗೆ ಗೆಳೆಯರು ಕೇಳಿದಾಗ, ನಮಗೆ ಸಾಲವೇ ಇಲ್ಲವೆಂದು ನಾನು ಹೇಳುತ್ತಿದ್ದೆ. ತಂದೆಯವರಾದರೋ ಪ್ರತಿ ಸುಗ್ಗಿಯ ನಂತರ ಸಂಘಕ್ಕೆ ಹೋಗಿ, ಆದಷ್ಟು ಹಣ ಕಟ್ಟಿ, ರಸೀತಿಗಳನ್ನು ಟ್ರಂಕಿನಲ್ಲಿ ಜೋಪಾನವಾಗಿಡುತ್ತಾರೆ. ಅವರು ಓದು ಬಲ್ಲವರಲ್ಲ. ಆದರೂ ನಂಬಿಕೆಗೆ ಹೆಚ್ಚು ಯೋಗ್ಯರಾದವರು ನಮ್ಮಿಬ್ಬರಲ್ಲಿ ಯಾರೆಂಬುದು ಈಗ ನನಗೆ ತಿಳಿದಿದೆ.