ಹಿಮದ ಹರಳು ಮೂಡುವ ಮುನ್ನ

ಕೆನಡಾದಲ್ಲಿಯೂ ಅಮೆರಿಕದ ಉತ್ತರ ರಾಜ್ಯಗಳಲ್ಲಿಯೂ ಹಿತ್ತಿಲಲ್ಲಿ ಟೊಮೇಟೊ ಬೆಳೆಯುವವರಿಗೆ ಬೇಸಗೆ ಸಾಲದು. ಸೆಪ್ಟೆಂಬರ್ ಕಳೆಯುವ ಹೊತ್ತಿಗೆ ಮೋಡವಿಲ್ಲದ ಒಂದು ರಾತ್ರಿ ಎಲೆಗಳ ಮೇಲೆ ಹಿಮದ ಹರಳು ಮೂಡಿತೆಂದರೆ, ಮರುದಿನ ಗಿಡವೆಲ್ಲ ಕಪ್ಪಿಟ್ಟು ಜೋತುಬೀಳುತ್ತದೆ. ಆಗಲೂ ಅದರ ತುಂಬ ಹಸುರು ಕಾಯಿಗಳು. ಅವುಗಳ ಗತಿಯೇನು?

ಕಾಯಿ ಹಣ್ಣಾಗಲು ಬಿಸಿಲು ಬೇಕೆಂದು ಬಗೆದು ಕಿಟಕಿಯಲ್ಲಿ ಅವನ್ನು ಸಾಲಾಗಿ ಜೋಡಿಸುವವರುಂಟು. ಬಲಿತ ಟೊಮೇಟೊವಿಗೆ ಬೆಳಕಿನ ಹಂಗಿಲ್ಲ. ಅದರೊಳಗೆ ಎಥಿಲೀನ್ ಎಂಬ ಅನಿಲ ಉತ್ಪತ್ತಿಯಾಗುತ್ತದೆ. ಅದರ ಪ್ರೇರಣೆಯಿಂದ ಪತ್ರಹರಿತ್ತು ಅಳಿದು, ಲೈಕೋಪೀನ್ ಎಂಬ ಕೆಂಪು ವರ್ಣದ್ರವ್ಯ ತುಂಬಿಕೊಂಡು, ತಿರುಳು ಮೆತ್ತಗಾಗುತ್ತದೆ. ಹಣ್ಣುಗಳೇ ಈ ಅನಿಲವನ್ನು ಹೊರಸೂಸುತ್ತವೆಂಬುದನ್ನು 1934ರಲ್ಲಿ ಸೇಬಿನ ಮೇಲೆ ಪ್ರಯೋಗ ನಡೆಸಿ ತೋರಿಸಿದವನು ಇಂಗ್ಲೆಂಡಿನ ರಿಚರ್ಡ್ ಗೇನ್. ನಾವು ಮಾವಿನಕಾಯನ್ನು ಹುಲ್ಲಿನಲ್ಲಿ ಅಡೆಹಾಕಿದಾಗ ನಡೆಯುವುದೂ ಇದೇ ವ್ಯಾಪಾರ. ಟೊಮೇಟೊ ಪೆಟ್ಟಿಗೆಯಲ್ಲಿ ಮಾಗಿದ ಬಾಳೆಹಣ್ಣೊಂದನ್ನು ಇರಿಸುವ ರೂಢಿಗೂ ಆಧಾರ ಇದೇ.

ಆದರೆ ಕಾಯಿ ಬಲಿತಿರಲೇಬೇಕು. ಗಾತ್ರ ತುಂಬಿ, ಹಸುರು ತುಸು ಬೆಳ್ಳಗೆ ತಿರುಗಿದ ಕಾಯಿಗಳಲ್ಲಿ ಒಂದನ್ನು ಕೊಯ್ದು ನೋಡಬೇಕು. ಬೀಜದ ಸುತ್ತ ಲೋಳೆ ಕಟ್ಟಿ, ಬೀಜಗಳು ಚಾಕುವಿಗೆ ಸಿಕ್ಕದೆ ಜಾರಿದರೆ ಅದರ ಜೊತೆಯವು ಹಣ್ಣಾಗುತ್ತವೆ. ಬೀಜವೂ ತುಂಡಾದರೆ ಅವು ಎಳೆಯವು. ಎಷ್ಟು ಕಾದರೂ ರುಚಿಗೆ ಬಾರವು. ಅವಕ್ಕೆ ಉಪ್ಪಿನಕಾಯಿಯ ಭರಣಿಯೇ ಸರಿ.

ಹಲವರು ಸೋಲುವುದು ಶೀತದ ವಿಷಯದಲ್ಲಿ. ಕೊನೆಯ ರಾತ್ರಿಯವರೆಗೆ ಕಾಯುವುದು ಜಾಣತನವೆಂದು ತೋರಬಹುದು. ವಾಸ್ತವವಾಗಿ ಹಾನಿ ಹಿಮಕ್ಕೆ ಮುಂಚೆಯೇ ಆರಂಭವಾಗುತ್ತದೆ. 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ಚಳಿಯಲ್ಲಿ ಹಲವು ದಿನ ಕಳೆದ ಹಸುರು ಕಾಯಿ ಹಣ್ಣಾಗುವ ಶಕ್ತಿಯನ್ನೇ ಕುಂದಿಸಿಕೊಳ್ಳುತ್ತದೆ. ಮನೆಯೊಳಗೆ ತಂದ ಮೇಲೆ ಅದು ಅಲ್ಲಲ್ಲಿ ಮಾತ್ರ ಬಣ್ಣ ತಾಳಿ ಕೊಳೆಯುತ್ತದೆ. ಆದುದರಿಂದ ರಾತ್ರಿಗಳು ತಣ್ಣಗಾಗುತ್ತಿದ್ದಂತೆಯೇ ಕೊಯಿಲಾಗಬೇಕು. ಶೀತಪೆಟ್ಟಿಗೆಯ ಮಾತಂತೂ ಬೇಡ.

ಕಾಯಿಗಳನ್ನು ಒರೆಸಿ, ಗಾಯವಾದವನ್ನು ಬೇರ್ಪಡಿಸಿ, ಒಂದೊಂದನ್ನೂ ಹಳೆಯ ಪತ್ರಿಕೆಯ ಹಾಳೆಯಲ್ಲಿ ಸುತ್ತಿಟ್ಟರೆ ಒಂದರ ಕೊಳೆ ಇನ್ನೊಂದಕ್ಕೆ ಸುಲಭವಾಗಿ ಹರಡದು. 18ರಿಂದ 21 ಡಿಗ್ರಿ ಉಷ್ಣತೆಯಲ್ಲಿ ಸುಮಾರು ಎರಡು ವಾರಗಳಲ್ಲಿ ಅವು ಕೆಂಪಾಗುತ್ತವೆ. 13 ಡಿಗ್ರಿಯ ನೆಲಮಾಳಿಗೆಯಲ್ಲಿ ಇನ್ನೂ ನಿಧಾನ. 30 ಡಿಗ್ರಿ ದಾಟಿದರೆ ಲೈಕೋಪೀನ್ ಸರಿಯಾಗಿ ಕೂಡದೆ ಹಣ್ಣು ಹಳದಿಯಾಗಿಯೇ ಉಳಿಯಬಹುದು. ಎಲೆಗಳಿಂದ ಸಕ್ಕರೆ ಹರಿದುಬರುವುದು ಕೊಯ್ದೊಡನೆ ನಿಂತುಹೋಗುವುದರಿಂದ ಗಿಡದಲ್ಲೇ ಮಾಗಿದ ಹಣ್ಣಿನ ಸವಿ ಇವಕ್ಕೆ ಬಾರದು. ಆದರೂ ಹೊರಗೆ ಮಂಜು ಸುರಿಯುವ ನವೆಂಬರಿನಲ್ಲಿ ಸಾರಿಗೆ ಮನೆಯದೇ ಟೊಮೇಟೊ ಒದಗುತ್ತದೆ.