ಮೈಸೂರು ನಗರವೂ ಬೀಟೆಮರದ ಕಸುಬೂ

ಮೈಸೂರೆಂದೊಡನೆ ಅರಮನೆಯೂ ದಸರೆಯೂ ನೆನಪಿಗೆ ಬರುವುದು ಸಹಜ. ಆದರೆ ಆ ವೈಭವಕ್ಕೆ ರೂಪು ಕೊಟ್ಟ ಕೈಗಳನ್ನು ನಾವು ನೆನೆಯುವುದು ಕಡಮೆ. ರೇಷ್ಮೆಯ ನೇಯ್ಗೆ, ಗಂಧದ ಕೆತ್ತನೆ, ಚಿನ್ನದ ರೇಕಿನ ಚಿತ್ರ, ಗಂಜೀಫಾ ಎಲೆಗಳು, ಇವೆಲ್ಲವೂ ಈ ನಗರದ ಸೊತ್ತು. ಇವುಗಳೊಡನೆ ಎಣಿಸತಕ್ಕ ಬೀಟೆಮರದ ಇನ್ಲೇ ಕೆಲಸವನ್ನು ಇಂದು ವಿಚಾರಮಾಡೋಣ.

1897ರಲ್ಲಿ ಹಳೆಯ ಮರದ ಅರಮನೆ ಬೆಂಕಿಗೆ ಆಹುತಿಯಾಯಿತು. 1912ರಲ್ಲಿ ಈಗಿನ ಅರಮನೆ ಪೂರ್ಣವಾಯಿತು. ಅಲ್ಲಿಯ ಅಂಬಾವಿಲಾಸದಲ್ಲಿ ದಂತ ಜಡಿದ ಬೀಟೆಯ ಬಾಗಿಲನ್ನು ಕಂಡವರಿಗೆ ಈ ವಿದ್ಯೆ ಎಷ್ಟು ಎತ್ತರಕ್ಕೆ ಏರಿತ್ತೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಕೆಲಸದ ಕ್ರಮ ಹೀಗಿದೆ. ಮೊದಲು ಕಾಗದದ ಮೇಲೆ ಚಿತ್ರವನ್ನು ಬರೆದು, ಅದರ ಒಂದೊಂದು ಅಂಗವನ್ನೂ ಬೇರೆಬೇರೆ ಬಣ್ಣದ ಮರದ ತೆಳು ಹಾಳೆಗಳಲ್ಲಿ ಕಿರುಗರಗಸದಿಂದ ಕೊಯ್ದುಕೊಳ್ಳುತ್ತಾರೆ. ಬಳಿಕ ಬೀಟೆಯ ಹಲಗೆಯಲ್ಲಿ ಅದೇ ಆಕಾರದ ತಗ್ಗನ್ನು ತೋಡಿ, ತುಂಡುಗಳನ್ನು ಅಂಟಿನಿಂದ ಕೂರಿಸಿ, ಮೇಲ್ಮೈ ಸಮವಾಗುವವರೆಗೆ ಉಜ್ಜಿ ಮೆರುಗು ಕೊಡುತ್ತಾರೆ. ಹಳದಿಗೆ ಹಲಸು, ಕಪ್ಪಿಗೆ ಕರಿಮರ. ಮರದ ಹುಟ್ಟುಬಣ್ಣವೇ ಇಲ್ಲಿ ಕುಂಚದ ಬಣ್ಣ. ಎಳೆಯ ದಿಕ್ಕನ್ನು ನೋಡಿ ಆರಿಸಿದರೆ ಅದೇ ಮರದ ಎಳೆಯು ನೀರಿನ ಅಲೆಯಾಗುತ್ತದೆ, ಸಂಜೆಯ ಮುಗಿಲಾಗುತ್ತದೆ. ಈ ಆಯ್ಕೆಯ ಕಣ್ಣನ್ನು ಪುಸ್ತಕ ಕಲಿಸಲಾರದು. ಗುರುವಿನ ಪಕ್ಕದಲ್ಲಿ ವರ್ಷಗಟ್ಟಲೆ ಕುಳಿತೇ ಕಲಿಯಬೇಕು.

ಒಮ್ಮೆ ಈ ಕಸುಬಿಗೆ ದೊಡ್ಡ ಪರೀಕ್ಷೆ ಬಂದಿತು. ವನ್ಯಜೀವಿ ಸಂರಕ್ಷಣಾ ಕಾಯಿದೆಗೆ ಆದ ತಿದ್ದುಪಡಿಗಳಿಂದ 1986ರಲ್ಲಿ ನಮ್ಮ ದೇಶದ ಆನೆಯ ದಂತದ ವ್ಯಾಪಾರವೂ, 1991ರಲ್ಲಿ ಆಫ್ರಿಕದ ದಂತದ ವ್ಯಾಪಾರವೂ ನಿಂತವು. ಆನೆ ಉಳಿಯಬೇಕಾದುದು ನ್ಯಾಯವೇ. ಕುಶಲಿಗಳು ದಂತದ ಸ್ಥಾನದಲ್ಲಿಯೂ ಮರವನ್ನೇ ಇಟ್ಟು ಕಸುಬನ್ನು ಮುಂದುವರಿಸಿದರು.

ಆದರೆ ಬೀಟೆಗೆ ಬದಲಿ ಹುಡುಕುವುದು ಅಷ್ಟು ಸುಲಭವಲ್ಲ. ಅದು ನಿಧಾನವಾಗಿ ಬೆಳೆಯುವ ಮರ, ಕಾಡಿನಲ್ಲಿಯೂ ವಿರಳವಾಗುತ್ತಿದೆ. ಆ ಜಾತಿಯ ಮರಗಳ ವಿದೇಶೀ ವ್ಯಾಪಾರವನ್ನು 2017ರಿಂದ ಅಂತರರಾಷ್ಟ್ರೀಯ ಒಪ್ಪಂದವೊಂದು ನಿಯಂತ್ರಿಸುತ್ತಿದೆ. ತಲಾ 10 ಕಿಲೋಗ್ರಾಂಗಿಂತ ಕಡಮೆ ಮರವುಳ್ಳ ವಸ್ತುಗಳಿಗೆ ಪರವಾನಗಿ ಬೇಡವೆಂದು 2022ರಲ್ಲಿ ವಿವರಣೆ ದೊರೆತುದು ಕುಶಲಿಗಳಿಗೆ ಸಮಾಧಾನ ತಂದಿತು.

ಈ ಕಲೆಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಇದೆ. ಅದು ಹೆಸರನ್ನು ಕಾಯಬಲ್ಲುದು. ಮರವನ್ನು ನೆಡುವುದೂ, ಕಲಿಯಬಂದ ಹುಡುಗನಿಗೆ ಹೊಟ್ಟೆ ತುಂಬುವಷ್ಟು ಸಂಪಾದನೆಯಾಗುವಂತೆ ಮಾಡುವುದೂ ನಮ್ಮ ಕೆಲಸ. ಯಂತ್ರದಲ್ಲಿ ಅಚ್ಚೊತ್ತಿದ ಫಲಕಕ್ಕೂ ಕೈಯಿಂದ ಕೂರಿಸಿದ ಫಲಕಕ್ಕೂ ಇರುವ ಭೇದವನ್ನರಿತು ಕೊಳ್ಳುವ ನಾಗರಿಕರಿದ್ದರೆ, ಅರಮನೆಯಿಂದ ಹಿಂದೆ ದೊರೆಯುತ್ತಿದ್ದ ಆಶ್ರಯ ಈ ಕಸುಬಿಗೆ ಊರಿನಿಂದಲೇ ದೊರೆತೀತು.