ನಿಮಗಿದು ಗೊತ್ತೆ? ಬರ್ಗರ್ ಕಿಂಗ್‌ಗೆ ಹೆಸರೇ ಸಿಗಲಿಲ್ಲ!
ಆಸ್ಟ್ರೇಲಿಯಾದಲ್ಲಿ ಬರ್ಗರ್ ಕಿಂಗ್ ಹುಡುಕಿದರೆ ಸಿಗುವುದು ‘ಹಂಗ್ರಿ ಜ್ಯಾಕ್ಸ್’. ಅಮೆರಿಕದ ಈ ಕಂಪನಿ ಅಲ್ಲಿಗೆ ಕಾಲಿಡುವಷ್ಟರಲ್ಲಿ ಅಡಿಲೇಡ್‌ನ ತಿಂಡಿ ಅಂಗಡಿಯೊಂದು ಆ ಹೆಸರನ್ನು ಟ್ರೇಡ್‌ಮಾರ್ಕ್ ಮಾಡಿಸಿಕೊಂಡು ಕೂತಿತ್ತು. ಹಾಗಾಗಿ 1971ರಲ್ಲಿ ಪರ್ತ್‌ನಲ್ಲಿ ಮೊದಲ ಮಳಿಗೆ ಬೇರೆ ಹೆಸರಿನಲ್ಲೇ ಬಾಗಿಲು ತೆರೆಯಿತು.

ಟ್ರೇಡ್‌ಮಾರ್ಕ್‌ನ ಪಾಡೇ ಹಾಗೆ: ತವರಿನ ನೋಂದಣಿ ಗಡಿಯಾಚೆ ನಡೆಯದು. 2013ರಿಂದ ನಮ್ಮವರಿಗೂ ಮ್ಯಾಡ್ರಿಡ್ ಪ್ರೊಟೊಕಾಲ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಅಡಿ ಒಂದೇ ಅರ್ಜಿಯಲ್ಲಿ ಹಲವು ದೇಶಗಳಲ್ಲಿ ರಕ್ಷಣೆ ಕೋರುವ ಅನುಕೂಲವಿದೆ. ಆದರೆ ಮೊದಲ 5 ವರ್ಷದೊಳಗೆ ಇಲ್ಲಿನ ಮೂಲ ನೋಂದಣಿ ಬಿದ್ದುಹೋದರೆ ಅದನ್ನು ನೆಚ್ಚಿದ ಅಂತರರಾಷ್ಟ್ರೀಯ ನೋಂದಣಿಯೂ ಬಿತ್ತು!

10 ವರ್ಷಕ್ಕೊಮ್ಮೆ ನವೀಕರಣ ಇದ್ದದ್ದೇ. ಅಮೆರಿಕ ಇನ್ನೂ ಬಿಗಿ: 5 ಮತ್ತು 6ನೇ ವರ್ಷದ ನಡುವೆ, ಹೆಸರು ನಿಜಕ್ಕೂ ಬಳಕೆಯಲ್ಲಿದೆ ಎಂದು ಘೋಷಿಸಿ, ಲೇಬಲ್ಲಿನ ಫೋಟೊದಂಥ ಪುರಾವೆ ಕೊಡಬೇಕು. ತಪ್ಪಿದರೆ, ಹೆಚ್ಚುವರಿ ಶುಲ್ಕದೊಂದಿಗೆ ಇನ್ನು 6 ತಿಂಗಳು ಗಡುವು, ಅಷ್ಟೆ.